ಪಿಎನ್‌ಜಿ ಬಂದ ಮೇಲೆ ದೋಸೆ ಕಾವಲಿ ಕಾಯುತ್ತಿಲ್ಲ: ಜೆಟ್ ಸಮಸ್ಯೆಯೋ, ಪೈಪ್ ಸಮಸ್ಯೆಯೋ?

ಮಾಟುಂಗಾ_ಕಾವಲಿ

ಎಲ್ಲರಿಗೂ ನಮಸ್ಕಾರ. ಮುಂಬಯಿ ಮಾಟುಂಗಾದ ಹೋಟೆಲ್ ಅಡುಗೆಮನೆ. ಎಲ್‌ಪಿಜಿ ಸಿಲಿಂಡರ್ ಬ್ಯಾಂಕ್ ತೆಗೆದು ಪೈಪ್ ಗ್ಯಾಸ್ (ಪಿಎನ್‌ಜಿ, ಅಂದರೆ ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ) ಹಾಕಿಸಿದ್ದೇವೆ. ಮೀಟರ್ ಹಿಂಬದಿ ಗಲ್ಲಿಯಲ್ಲಿದೆ, ಅಲ್ಲಿಂದ ಒಳಗೆ ಹಳೆಯ ಅರ್ಧ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನೇ ಉಳಿಸಿಕೊಂಡಿದ್ದೇವೆ. ಎಲ್ಬೋ, ಟೀ ಎಲ್ಲ ಸೇರಿಸಿದರೆ 20 ಮೀಟರ್ ಲೆಕ್ಕ ಹಿಡಿಯಬಹುದು.

ಲೋಡ್ ಹೀಗಿದೆ: ದೋಸೆ ಕಾವಲಿಗೆ 6 ಕಿಲೋವಾಟಿನ ಮೂರು ಬರ್ನರ್, ಇಡ್ಲಿ ಸ್ಟೀಮರ್ 12, ಸಾಂಬಾರ್ ಮತ್ತು ಅನ್ನದ ಭಟ್ಟಿ ತಲಾ 10, ವಡೆ ಬಾಣಲೆ 6, ಚಹಾ-ಕಾಫಿ ಎರಡು ಒಲೆ ಸೇರಿ 4. ಒಟ್ಟು 60 ಕಿಲೋವಾಟ್.

ಬೆಳಿಗ್ಗೆ ಕಾವಲಿ ಒಂದೇ ಉರಿಯುವಾಗ ತೊಂದರೆ ಇಲ್ಲ. ಒಂಬತ್ತರ ಹೊತ್ತಿಗೆ ಎಲ್ಲ ಒಲೆ ಹೊತ್ತಿದಾಗ ಕಾವಲಿಯ ಅಂಚು ತಣ್ಣಗಾಗುತ್ತದೆ, ಮಸಾಲೆ ದೋಸೆ ಏಳುವುದೇ ಇಲ್ಲ. ಒಲೆಯವರು ಜೆಟ್ (ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ರಂಧ್ರದ ತುಂಡು) ಇನ್ನೂ ದೊಡ್ಡದು ಮಾಡಿದರು. ಈಗ ಜ್ವಾಲೆ ಹಳದಿಯಾಗಿ ಕಾವಲಿ ತಳಕ್ಕೆ ಮಸಿ ಹಿಡಿಯುತ್ತಿದೆ. ಪೈಪ್ ಗ್ಯಾಸಿಗೆ ಶಾಖವೇ ಕಡಿಮೆ ಅನ್ನುತ್ತಾರೆ. ನಿಜವೇ?

ಘಾಟ್ಕೋಪರ್_ಫಿಟ್ಟರ್

ಮಾರಾಯ್ರೇ, ಇನ್ನು ಜೆಟ್ ಮುಟ್ಟಬೇಡಿ. ಮೊದಲು ಪ್ರೆಶರ್ ಅಳೆಯಿರಿ.

ಶಾಖದ ಮಾತು ಅರ್ಧ ನಿಜ. ಒಂದು ಘನ ಮೀಟರ್ ನೈಸರ್ಗಿಕ ಅನಿಲಕ್ಕೆ ಸುಮಾರು 38 ಮೆಗಾಜೂಲ್, ಅಷ್ಟೇ ಗಾತ್ರದ ಎಲ್‌ಪಿಜಿ ಆವಿಗೆ 108ರ ಆಸುಪಾಸು. ಹಾಗಾಗಿ ಅದೇ ಉರಿ ಬೇಕಾದರೆ ಹತ್ತಿರ ಹತ್ತಿರ ಮೂರು ಪಟ್ಟು ಗಾತ್ರದ ಗ್ಯಾಸ್ ಬರ್ನರಿಗೆ ತಲುಪಬೇಕು. ತಲುಪಿದರೆ ಉರಿ ಒಂದೇ. ನಿಮ್ಮಲ್ಲಿ ತಲುಪುತ್ತಿಲ್ಲ.

ನಿಮ್ಮದೇ ಅಂಕಿ ಹಾಕಿ ನೋಡೋಣ. 60 ಕಿಲೋವಾಟ್ ಅಂದರೆ ಗಂಟೆಗೆ 216 ಮೆಗಾಜೂಲ್. ನೈಸರ್ಗಿಕ ಅನಿಲದ ನಿವ್ವಳ ಶಾಖ (ಹೊಗೆಯ ನೀರಾವಿಯೊಡನೆ ಹೋಗುವುದನ್ನು ಕಳೆದದ್ದು; ಮೇಲಿನ 38 ಒಟ್ಟು ಶಾಖ) ಘನ ಮೀಟರಿಗೆ 35 ಹಿಡಿದರೆ ಗಂಟೆಗೆ 6.2 ಘನ ಮೀಟರ್ ಬೇಕು. ಲೋ ಪ್ರೆಶರ್ ಪೈಪಿಗೆ ಪೋಲ್ ಸೂತ್ರ ಸಾಕು: ಪೈಪಿನ ಒಳವ್ಯಾಸವನ್ನು ಮಿಲಿಮೀಟರಿನಲ್ಲಿ ಐದನೇ ಘಾತಕ್ಕೆ ಏರಿಸಿ, ಮಿಲಿಬಾರಿನ ಪ್ರೆಶರ್ ನಷ್ಟದಿಂದ ಗುಣಿಸಿ, ಗಾಳಿಗೆ ಹೋಲಿಸಿದ ಅನಿಲದ ಸಾಂದ್ರತೆ ಮತ್ತು ಮೀಟರ್ ಲೆಕ್ಕದಲ್ಲಿ ಪೈಪಿನ ಉದ್ದ ಎರಡರಿಂದಲೂ ಭಾಗಿಸಿ, ವರ್ಗಮೂಲ ತೆಗೆದು 0.0071ರಿಂದ ಗುಣಿಸಿದರೆ ಗಂಟೆಯ ಘನ ಮೀಟರ್ ಸಿಗುತ್ತದೆ. ಇದನ್ನೇ ತಿರುಗಿಸಿ ಹಾಕಿದರೆ 20 ಮೀಟರಿಗೆ ಅರ್ಧ ಇಂಚು (ಒಳವ್ಯಾಸ 16) ಪೈಪಿನಲ್ಲಿ 8.7 ಮಿಲಿಬಾರ್ ಹೋಗುತ್ತದೆ. ಮುಕ್ಕಾಲು ಇಂಚಿನಲ್ಲಿ 2. ಒಂದು ಇಂಚಿನಲ್ಲಿ 0.6 ಮಾತ್ರ.

ಮೀಟರಿನ ಆಚೆ ಸಿಗುವುದು 21 ಮಿಲಿಬಾರ್. ಅದರಲ್ಲಿ 8.7 ಕಳೆದರೆ ಉಳಿಯುವುದೆಷ್ಟು? ನಿಜದಲ್ಲಿ ಪ್ರೆಶರ್ ಇಳಿದಂತೆ ಹರಿವೂ ಇಳಿಯುವುದರಿಂದ ಸುಮಾರು 15ರಲ್ಲಿ ನಿಲ್ಲುತ್ತದೆ, ಉರಿ 84 ಶೇಕಡಾಕ್ಕೆ ಬರುತ್ತದೆ. ಸಾಲಿನ ಕೊನೆಯ ಒಲೆಗೆ ಇನ್ನೂ ಕಡಿಮೆ. ನಿಮ್ಮ ಕಾವಲಿ ಸಾಲಿನ ಕೊನೆಯಲ್ಲೇ ಇರಬೇಕು.

ಇದೇ ಪೈಪ್ ಎಲ್‌ಪಿಜಿಗೆ ಯಾಕೆ ಸಾಕಾಗಿತ್ತು ಅಂದರೆ, ಅಲ್ಲಿ ಗಂಟೆಗೆ 2.2 ಘನ ಮೀಟರಿಗಿಂತ ಕಡಿಮೆಯೇ ಹರಿಯುತ್ತಿತ್ತು, 30 ಮಿಲಿಬಾರಿನಲ್ಲಿ 3 ಮಾತ್ರ ಹೋಗುತ್ತಿತ್ತು.

ಜೆಟ್ ದೊಡ್ಡದು ಮಾಡಿದಾಗ ಆಗಿದ್ದು ಇಷ್ಟು: ಆ ಬರ್ನರ್ ಹೆಚ್ಚು ಎಳೆಯಿತು, ಪೈಪಿನ ನಷ್ಟ ಏರಿತು, ಬರ್ನರ್ ಬಾಯಿಯ ಪ್ರೆಶರ್ ಇನ್ನೂ ಇಳಿಯಿತು. ಜೆಟ್ಟಿನಿಂದ ಗ್ಯಾಸ್ ಹೊರಡುವ ವೇಗ ಇಳಿದರೆ ಅದು ಎಳೆದುಕೊಳ್ಳುವ ಗಾಳಿಯೂ ಇಳಿಯುತ್ತದೆ. ಹಳದಿ ಜ್ವಾಲೆ, ಮಸಿ ಎರಡೂ ಅದರ ಫಲವೇ.

ಮಾಟುಂಗಾ_ಕಾವಲಿ

ಕಾವಲಿ ಕೊನೆಯಲ್ಲೇ ಇದೆ ಅಣ್ಣ. ಪ್ರೆಶರ್ ಹೇಗೆ ಅಳೆಯುವುದು? ಗೇಜ್ ತರಬೇಕೇ?

ಘಾಟ್ಕೋಪರ್_ಫಿಟ್ಟರ್

ಸಾಮಾನ್ಯ ಡಯಲ್ ಗೇಜ್ ಈ ಪ್ರೆಶರಿಗೆ ಕೆಲಸಕ್ಕೆ ಬರುವುದಿಲ್ಲ, ಮುಳ್ಳು ಅಲ್ಲಾಡುವುದೂ ಇಲ್ಲ. ಪಾರದರ್ಶಕ ನಳಿಕೆಯನ್ನು ಯು ಆಕಾರಕ್ಕೆ ಬಗ್ಗಿಸಿ ಹಲಗೆಗೆ ಕಟ್ಟಿ, ಅರ್ಧದವರೆಗೆ ನೀರು ತುಂಬಿ, ನಡುವೆ ಮಿಲಿಮೀಟರ್ ಪಟ್ಟಿ ಅಂಟಿಸಿ. ಎರಡು ಕೈಗಳ ನೀರಿನ ಮಟ್ಟದ ವ್ಯತ್ಯಾಸವೇ ಪ್ರೆಶರ್. 21 ಮಿಲಿಬಾರಿಗೆ 214 ಮಿ.ಮೀ., ಎಲ್‌ಪಿಜಿಯ 30ಕ್ಕೆ 306 ಮಿ.ಮೀ. ಒಂದು ಕೈ ಮಾತ್ರ ನೋಡಿ ಅರ್ಧ ಓದಬೇಡಿ, ಎರಡರ ನಡುವಿನ ಅಂತರ ಓದಬೇಕು.

ನಳಿಕೆಯ ಒಂದು ತುದಿಯನ್ನು ಕಾವಲಿ ಹತ್ತಿರದ ಟೆಸ್ಟ್ ನಿಪ್ಪಲಿಗೆ (ಪ್ರೆಶರ್ ಅಳೆಯಲು ಪೈಪಿನಲ್ಲಿ ಬಿಟ್ಟ ಸಣ್ಣ ಬಾಯಿ) ಸಿಕ್ಕಿಸಿ. ಎಲ್ಲ ಕೋಕ್ (ಒಲೆಯ ಗ್ಯಾಸ್ ತಿರುಗಣೆ) ಮುಚ್ಚಿ ಓದಿ. ಆಮೇಲೆ ಒಂದೊಂದೇ ಒಲೆ ಹಚ್ಚುತ್ತಾ ಓದಿ, ಕೊನೆಗೆ ಎಲ್ಲ ಪೂರ್ತಿ ಉರಿಯಲ್ಲಿ ಓದಿ. ಅದೇ ಕೆಲಸ ಮೀಟರ್ ಬಳಿಯೂ ಆಗಬೇಕು, ಆದರೆ ಅಲ್ಲಿ ಕಂಪನಿಯವರನ್ನೇ ಕರೆಸಿ. ಅವರ ಸೀಲ್, ಅವರ ರೆಗ್ಯುಲೇಟರ್ ಮುಟ್ಟುವಂತಿಲ್ಲ.

ಮುಚ್ಚಿದಾಗ ಸರಿಯಿದ್ದು, ಎಲ್ಲ ಉರಿಯುವಾಗ ಕಾವಲಿ ಬಳಿ ಮಾತ್ರ ಬಿದ್ದರೆ ಒಳಗಿನ ಪೈಪಿನ ತಪ್ಪು. ಮೀಟರಿನ ಬಳಿಯೇ ಬಿದ್ದರೆ ರೆಗ್ಯುಲೇಟರ್ ಅಥವಾ ಮೀಟರ್ ಚಿಕ್ಕದು. ಮೀಟರಿನ ಮೇಲೆ ಜಿ4 ಎಂದಿದೆಯಾ ನೋಡಿ. ಅದರ ಗರಿಷ್ಠ ಗಂಟೆಗೆ 6 ಘನ ಮೀಟರ್. ನಿಮಗೆ ಬೇಕಾಗಿರುವುದು 6.2. ಜಿ6 ಆದರೆ 10ರವರೆಗೆ ಬರುತ್ತದೆ.

ಅಂಧೇರಿ_ಒಲೆ_ವರ್ಕ್‌ಶಾಪ್

ಜೆಟ್ ಬಗ್ಗೆ ನಾನು ಹೇಳುತ್ತೇನೆ, ಹೆಚ್ಚು ಹಾಳಾಗುವುದು ಅಲ್ಲೇ.

30 ಮಿಲಿಬಾರ್ ಎಲ್‌ಪಿಜಿಯಿಂದ 21 ಮಿಲಿಬಾರ್ ಪಿಎನ್‌ಜಿಗೆ ಹೋಗುವಾಗ ಜೆಟ್ ವ್ಯಾಸ 1.4 ಪಟ್ಟು ಆಗಬೇಕು. ಹೇಗೆಂದರೆ, ಶಾಖವನ್ನು ಸಾಂದ್ರತೆಯ ವರ್ಗಮೂಲದಿಂದ ಭಾಗಿಸಿದರೆ ಬರುವ ವೋಬೆ ಸೂಚ್ಯಂಕ ಎಲ್‌ಪಿಜಿಗೆ 81ರ ಹತ್ತಿರ, ನೈಸರ್ಗಿಕ ಅನಿಲಕ್ಕೆ 50. ಅನುಪಾತ 1.63. ಪ್ರೆಶರ್ ವ್ಯತ್ಯಾಸದ ವರ್ಗಮೂಲ 1.2. ಗುಣಿಸಿದರೆ ರಂಧ್ರದ ವಿಸ್ತೀರ್ಣ 1.95 ಪಟ್ಟು, ವ್ಯಾಸ 1.4 ಪಟ್ಟು. ನಿಮ್ಮ 6 ಕಿಲೋವಾಟ್ ಬರ್ನರಿಗೆ ಎಲ್‌ಪಿಜಿಯಲ್ಲಿ 1.3 ಮಿ.ಮೀ. ಇದ್ದಿದ್ದರೆ ಈಗ 1.8 ಸಾಕು. ಅದಕ್ಕಿಂತ ದೊಡ್ಡದು ಕೊರೆದಿದ್ದರೆ ಆ ಜೆಟ್ ಎಸೆದು ಹೊಸದು ಹಾಕಿ. ಹಿತ್ತಾಳೆ ಜೆಟ್ ಬಡಿದು ರಂಧ್ರ ಮುಚ್ಚಿ ಮತ್ತೆ ಕೊರೆಯುವ ಅಭ್ಯಾಸ ಕೆಲವರಿಗಿದೆ, ದಯವಿಟ್ಟು ಬೇಡ.

ಕೈ ಡ್ರಿಲ್ಲಿನಲ್ಲಿ ಕೊರೆದ ರಂಧ್ರ ದುಂಡಗಿರುವುದಿಲ್ಲ, ಓರೆಯಾಗಿರುತ್ತದೆ, ಒಳಗೆ ಚೂರು ಉಳಿಯುತ್ತದೆ. ಆಗ ಗ್ಯಾಸಿನ ಧಾರೆ ಮಿಕ್ಸಿಂಗ್ ಟ್ಯೂಬಿನ ನಡುವೆ ಹೋಗದೆ ಗೋಡೆಗೆ ಹೊಡೆಯುತ್ತದೆ. ಬರ್ನರಿನ ಒಂದು ಕಡೆ ನೀಲಿ, ಇನ್ನೊಂದು ಕಡೆ ಹಳದಿ ಕಾಣಿಸಿದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಜೆಟ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರೆ ಸಾಕು, ಓರೆ ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಪ್ರಶ್ನೆ. ನಿಮ್ಮ ಎರಡು ಭಟ್ಟಿಗಳು ಹೈ ಪ್ರೆಶರ್ ಬರ್ನರ್ ಆಗಿದ್ದವೇ, ಸೂಜಿ ವಾಲ್ವಿನವು, ಶಬ್ದ ಮಾಡುವವು?

ಮಾಟುಂಗಾ_ಕಾವಲಿ

ಹೌದು. ಅದೇ ಬರ್ನರಿಗೆ ಜೆಟ್ ಬದಲಿಸಿ ಕೊಟ್ಟಿದ್ದಾರೆ.

ಅಂಧೇರಿ_ಒಲೆ_ವರ್ಕ್‌ಶಾಪ್

ಹಾಗಾದರೆ ಆ ಬರ್ನರ್‌ಗಳನ್ನು ಪೂರ್ತಿ ಬದಲಿಸಿ. ಕಾವಲಿಯ ಲೋ ಪ್ರೆಶರ್ ಬರ್ನರ್ ಜೆಟ್ ಬದಲಿಸಿದರೆ ಒಗ್ಗುತ್ತದೆ, ಇದು ಒಗ್ಗುವುದಿಲ್ಲ.

10 ಕಿಲೋವಾಟಿನ ಹೈ ಪ್ರೆಶರ್ ಬರ್ನರ್ 0.7 ಬಾರಿನಲ್ಲಿ ಕೇವಲ 0.8 ಮಿ.ಮೀ. ಜೆಟ್ಟಿನಿಂದ ಓಡುತ್ತದೆ. ಗ್ಯಾಸ್ ಸೆಕೆಂಡಿಗೆ ಇನ್ನೂರು ಮೀಟರಿಗೂ ಹೆಚ್ಚು ವೇಗದಲ್ಲಿ ನುಗ್ಗುತ್ತದೆ, ಆ ನೂಕಿನಿಂದಲೇ ಗಾಳಿ ಒಳಗೆ ಬರುತ್ತದೆ. 21 ಮಿಲಿಬಾರ್ ಪಿಎನ್‌ಜಿಗೆ ಅದೇ ಉರಿ ಬೇಕಾದರೆ ಜೆಟ್ 2.4 ಮಿ.ಮೀ. ಆಗಬೇಕು, ವೇಗ 75ಕ್ಕೆ ಇಳಿಯುತ್ತದೆ. ಗಾಳಿ ಎಳೆಯುವ ನೂಕು ಮೂರನೇ ಒಂದು ಪಾಲಿಗೆ ಬಂತು. ಗಂಟಲು ಹಳೆಯದೇ, ಬರ್ನರ್ ತಲೆಯ ರಂಧ್ರಗಳೂ ಹಳೆಯವೇ. ಗಾಳಿ ಎಲ್ಲಿಂದ ಬರಬೇಕು? ಪಿಎನ್‌ಜಿಗೆಂದೇ ಮಾಡಿದ, ಹಲವು ಸಣ್ಣ ಜೆಟ್‌ಗಳಿರುವ ಬರ್ನರ್ ಹಾಕಿಸಿ. ಪಾತ್ರೆ ತಳಕ್ಕೂ ಬರ್ನರಿಗೂ ಇರುವ ಅಂತರ ಕೂಡ ಹೊಸದಾಗಿ ಹೊಂದಿಸಬೇಕಾಗುತ್ತದೆ. ಜ್ವಾಲೆಯ ನೀಲಿ ಒಳಶಂಕು ಪಾತ್ರೆ ತಳಕ್ಕೆ ತಾಗಬಾರದು. ತಾಗಿದರೆ ಉರಿ ಅರ್ಧಕ್ಕೇ ತಣಿದು ಕಾರ್ಬನ್ ಮೊನಾಕ್ಸೈಡ್ ಬರುತ್ತದೆ.

ಗಾಳಿ ಶಟರ್ ಹೊಂದಿಸುವ ಕ್ರಮ: ಪೂರ್ತಿ ಮುಚ್ಚಿ ಹಚ್ಚಿ, ಹಳದಿ ತುದಿ ಕಾಣುತ್ತದೆ. ನಿಧಾನ ತೆರೆಯುತ್ತಾ ಹೋಗಿ, ಹಳದಿ ಮಾಯವಾದಲ್ಲಿ ಇನ್ನೊಂದು ಕೂದಲಷ್ಟು ತೆರೆದು ತಿರುಪು ಬಿಗಿಮಾಡಿ. ಜಾಸ್ತಿ ತೆರೆದರೆ ಜ್ವಾಲೆ ರಂಧ್ರ ಬಿಟ್ಟು ಮೇಲೆ ಹಾರುತ್ತದೆ. ಉರಿ ಸಣ್ಣ ಮಾಡಿದಾಗ ಟಪ್ ಎಂದು ಒಳಗೆ ಹೋಗಿ ಜೆಟ್ ಬಳಿ ಉರಿದರೂ ತಪ್ಪು. ಪೂರ್ತಿ ಉರಿ, ಸಣ್ಣ ಉರಿ ಎರಡರಲ್ಲೂ ನೋಡಿಯೇ ಬಿಗಿಮಾಡಬೇಕು. ಈ ಕೆಲಸವೆಲ್ಲ ಪ್ರೆಶರ್ ಸರಿಯಾದ ಮೇಲೆ. ಮೊದಲೇ ಮಾಡಿದರೆ ಎರಡು ಸಲ ಮಾಡಬೇಕು.

ಚೆಂಬೂರ್_ಕ್ಯಾಂಟೀನ್

ಪೈಪ್ ಬದಲಿಸಲು ಟೈಲ್ಸ್ ಒಡೆಯಬೇಕು, ಎರಡು ದಿನ ಅಂಗಡಿ ಮುಚ್ಚಬೇಕು. ಕಂಪನಿಯಿಂದ 100 ಮಿಲಿಬಾರ್ ತೆಗೆದುಕೊಂಡು ಅಡುಗೆಮನೆ ಬಾಗಿಲಲ್ಲಿ ಇಳಿಸಿಕೊಂಡರೆ ಆಗದೇ?

ಘಾಟ್ಕೋಪರ್_ಫಿಟ್ಟರ್

ಆಗುತ್ತದೆ, ಒಳ್ಳೆಯ ಉಪಾಯವೇ. 100 ಮಿಲಿಬಾರಿನಲ್ಲಿ ಆ ಅರ್ಧ ಇಂಚು ಪೈಪಿನಲ್ಲಿ ಎಂಟೊಂಬತ್ತು ಹೋದರೂ ಅಡುಗೆಮನೆ ಬಳಿಯ ರೆಗ್ಯುಲೇಟರಿಗೆ 90 ಸಿಗುತ್ತದೆ, ಅದು 21ಕ್ಕೆ ಇಳಿಸಿಕೊಡುತ್ತದೆ. ಆದರೆ ಆ ರೆಗ್ಯುಲೇಟರಿನಿಂದ ಒಲೆಗಳವರೆಗಿನ ಹೆಡ್ಡರ್ (ಒಲೆಗಳಿಗೆ ಹಂಚುವ ಮುಖ್ಯ ಪೈಪ್) ಒಂದು ಇಂಚು ಇರಲೇಬೇಕು. ರೆಗ್ಯುಲೇಟರಿನ ವೆಂಟ್ (ಉಸಿರಾಡುವ ರಂಧ್ರ) ಹೊರಗಿನ ಗಾಳಿಗೆ ಒಯ್ಯಬೇಕು. ಕಂಪನಿಯ ಒಪ್ಪಿಗೆ ಲಿಖಿತವಾಗಿ ಬೇಕು, ಪೈಪ್ ಹೊಸ ಪ್ರೆಶರಿಗೆ ಮತ್ತೆ ಟೆಸ್ಟ್ ಆಗಬೇಕು. ಹಳೆಯ ಚೂಡಿಗಳಲ್ಲಿ (ಪೈಪ್ ಜೋಡಿಸುವ ತಿರುಪುಗಳಲ್ಲಿ) ನಾರು ಮತ್ತು ಬಣ್ಣ ಹಾಕಿ ಬಿಗಿದಿದ್ದರೆ ಟೆಸ್ಟಿನಲ್ಲಿ ನಿಲ್ಲುವುದು ಕಷ್ಟ. ಒಣ ಗ್ಯಾಸಿಗೆ ನಾರು ಕುಗ್ಗಿ ಸೋರುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, 20 ಮೀಟರಿಗೆ ಹೊಸ ಒಂದು ಇಂಚು ಪೈಪ್ ಗೋಡೆ ಮೇಲೆ ತೆರೆದಂತೆ ಎಳೆಯುವುದು ಉತ್ತಮ. ಟೈಲ್ಸ್ ಒಡೆಯುವ ಪ್ರಶ್ನೆಯೇ ಇಲ್ಲ, ಗ್ಯಾಸ್ ಪೈಪ್ ಗೋಡೆಯೊಳಗೆ ಹೂಳಲೂಬಾರದು. ಗೋಡೆಯಿಂದ ಎರಡು ಬೆರಳು ದೂರ ಕ್ಲಾಂಪ್ ಹಾಕಿ, ಇಲ್ಲದಿದ್ದರೆ ಅಡುಗೆಮನೆ ತೊಳೆದ ನೀರು, ಉಪ್ಪು ಹಿಂದೆ ನಿಂತು ಕ್ಲಾಂಪಿನ ಕೆಳಗೇ ತುಕ್ಕು ತಿನ್ನುತ್ತದೆ. ಮುಂಬಯಿಯ ಹವೆಯಲ್ಲಿ ಹಳದಿ ಬಣ್ಣ ವರ್ಷಕ್ಕೊಮ್ಮೆ ಹಚ್ಚಿದರೆ ಪೈಪ್ ಉಳಿಯುತ್ತದೆ.

ಠಾಣೆ_ಸೇಫ್ಟಿ

ಎಲ್ಲರೂ ಉರಿಯ ಬಗ್ಗೆ ಮಾತಾಡುತ್ತಿದ್ದೀರಿ. ದಯಮಾಡಿ ಡಿಟೆಕ್ಟರ್ ಎಲ್ಲಿದೆ ನೋಡಿ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ಆದ್ದರಿಂದ ನೆಲದಿಂದ ಒಂದಡಿಯೊಳಗೆ ಹಾಕಿರುತ್ತೀರಿ. ಪೈಪ್ ಗ್ಯಾಸ್ ಗಾಳಿಯ ಅರುವತ್ತು ಶೇಕಡಾ ತೂಕದ್ದು, ಮೇಲಕ್ಕೇ ಹೋಗುತ್ತದೆ. ಡಿಟೆಕ್ಟರನ್ನು ಸೂರಿನಿಂದ ಒಂದಡಿಯೊಳಗೆ ಹಾಕಬೇಕು, ಅದೂ ಮೀಥೇನಿಗೆ ಹೊಂದಿಸಿದ್ದಾಗಿರಬೇಕು. ಹಳೆಯದನ್ನೇ ಬಿಚ್ಚಿ ಮೇಲೆ ಹೊಡೆದರೆ ಸಾಲದು.

ಮಾಟುಂಗಾ, ದಾದರ್ ಕಡೆಯ ಹಳೆಯ ಕಟ್ಟಡಗಳಲ್ಲಿ ಅಡುಗೆಮನೆ ಮೇಲೆ ಅಟ್ಟ ಮಾಡಿ ಸಾಮಾನು ಇಡುತ್ತಾರೆ, ಹುಡುಗರು ಮಲಗುವುದೂ ಉಂಟು. ಎಲ್‌ಪಿಜಿ ಕಾಲದಲ್ಲಿ ಅಪಾಯ ಗಟಾರದಲ್ಲಿತ್ತು, ಈಗ ಆ ಅಟ್ಟದಲ್ಲಿದೆ. ಸೋರಿದ ಗ್ಯಾಸ್ ಅಲ್ಲಿ ಸೇರಿ 5 ಶೇಕಡಾ ಮುಟ್ಟಿದರೆ ಒಂದು ಸ್ವಿಚ್ ಸಾಕು. 5ರಿಂದ 15 ಶೇಕಡಾ ನಡುವೆ ಅದು ಹೊತ್ತಿಕೊಳ್ಳುತ್ತದೆ. ಅಟ್ಟದ ಎತ್ತರದಲ್ಲಿ, ಹೊರಗಿನ ಗೋಡೆಗೆ, ಮುಚ್ಚಲಾಗದ ಜಾಳಿ ಕೊಡಿ. ಜನ ಮಲಗುವುದನ್ನು ನಿಲ್ಲಿಸಿ. ಇದನ್ನು ನಾನು ಬೇಡಿಕೊಂಡೇ ಹೇಳುತ್ತಿದ್ದೇನೆ.

ಮತ್ತೊಂದು: ಸರಬರಾಜು ನಿಂತು ಮತ್ತೆ ಬಂದಾಗ ಆರಿದ ಒಲೆಯಿಂದ ಗ್ಯಾಸ್ ಹಾಗೇ ಹೊರಬರುತ್ತದೆ. ಪ್ರೆಶರ್ ಬಿದ್ದಾಗ ತಾನೇ ಮುಚ್ಚಿಕೊಂಡು, ಕೈಯಿಂದ ರಿಸೆಟ್ ಮಾಡಿದರೆ ಮಾತ್ರ ತೆರೆಯುವ ರೆಗ್ಯುಲೇಟರ್ ಇದೆಯೇ ಕೇಳಿ. ರಿಸೆಟ್ ಮಾಡುವ ಮೊದಲು ಪ್ರತಿ ಕೋಕ್ ಮುಚ್ಚಿದೆಯೇ ಎಂದು ಒಬ್ಬನೇ ಮನುಷ್ಯ ಸುತ್ತಿ ನೋಡಬೇಕು. ಇಬ್ಬರಿಗೆ ಹಂಚಿದರೆ ಒಂದು ಒಲೆ ಉಳಿದೇ ಉಳಿಯುತ್ತದೆ.

ಚೆಂಬೂರ್_ಕ್ಯಾಂಟೀನ್

ಪೈಪ್ ಗ್ಯಾಸ್ ನಿಂತ ದಿನಕ್ಕೆ ಅಂತ ನಾಲ್ಕು ಸಿಲಿಂಡರ್ ಇಟ್ಟುಕೊಂಡು ಅದೇ ಲೈನಿಗೆ ಕೊಟ್ಟರೆ?

ಅಂಧೇರಿ_ಒಲೆ_ವರ್ಕ್‌ಶಾಪ್

ಖಂಡಿತ ಬೇಡ. 1.8ರ ಜೆಟ್ಟಿಗೆ 30 ಮಿಲಿಬಾರಿನ ಎಲ್‌ಪಿಜಿ ಕೊಟ್ಟರೆ ಉರಿ ಹತ್ತಿರ ಹತ್ತಿರ ಎರಡು ಪಟ್ಟು. ಗಾಳಿ ಸಾಲದೆ ಮಸಿ ಮತ್ತು ಕಾರ್ಬನ್ ಮೊನಾಕ್ಸೈಡ್. ವಾಲ್ವ್ ಸೋರಿದರೆ ಒಂದರ ಗ್ಯಾಸ್ ಇನ್ನೊಂದರ ಪೈಪಿಗೂ ನುಗ್ಗುತ್ತದೆ. ಬೇಕಾದರೆ ಎಲ್‌ಪಿಜಿಗೆ ಬೇರೆಯೇ ಒಲೆ, ಬೇರೆಯೇ ಪೈಪ್, ಬೇರೆ ಜಾಗ.

ಭೋಸರಿ_ಫರ್ನೇಸ್

ಪುಣೆ ಕಡೆಯ ಕಾರ್ಖಾನೆಗಳಲ್ಲಿ ಇದಕ್ಕೆ ಸರಿಯಾದ ದಾರಿ ಇದೆ: ಎಲ್‌ಪಿಜಿ ಆವಿಗೆ ಗಾಳಿ ಬೆರೆಸಿ ನೈಸರ್ಗಿಕ ಅನಿಲದ ವೋಬೆಗೆ ಇಳಿಸುವ ಮಿಕ್ಸರ್. ಸುಮಾರು 56 ಪಾಲು ಎಲ್‌ಪಿಜಿ, 44 ಪಾಲು ಗಾಳಿ ಬೆರೆಸಿದರೆ ವೋಬೆ 50ಕ್ಕೆ ಬರುತ್ತದೆ, ಬರ್ನರಿನಲ್ಲಿ ಜೆಟ್ ಮುಟ್ಟದೆ ಓಡುತ್ತದೆ. ಎಲ್‌ಪಿಜಿ ಹೊತ್ತಿಕೊಳ್ಳುವ ಮೇಲಿನ ಮಿತಿ 9.5 ಶೇಕಡಾ. 56 ಅದಕ್ಕಿಂತ ಎಷ್ಟೋ ಮೇಲಿರುವುದರಿಂದ ಪೈಪಿನೊಳಗೆ ಹೊತ್ತುವುದಿಲ್ಲ. ಆದರೆ ಅನುಪಾತ ಜಾರಿದರೆ ಕೂಡಲೇ ತಾನೇ ನಿಲ್ಲಿಸುವ ಇಂಟರ್‌ಲಾಕ್ ಇಲ್ಲದೆ ಅದನ್ನು ಮುಟ್ಟಬಾರದು. ಹೋಟೆಲಿಗೆ ಇದು ಹೊಂದುವ ಸಾಧನ ಅಲ್ಲ.

ಹೀಟ್ ಟ್ರೀಟ್‌ಮೆಂಟಿನವರು (ಉಕ್ಕನ್ನು ಕಾಯಿಸಿ ಗಟ್ಟಿ ಮಾಡುವವರು) ಓದುತ್ತಿದ್ದರೆ ಒಂದು ಎಚ್ಚರಿಕೆ. ಅಲ್ಲಿ ಗ್ಯಾಸ್ ಉರುವಲು ಮಾತ್ರ ಅಲ್ಲ, ಕಾರ್ಬುರೈಸಿಂಗಿನ (ಉಕ್ಕಿನ ಮೇಲ್ಮೈಗೆ ಕಾರ್ಬನ್ ಸೇರಿಸುವ ಕೆಲಸದ) ಕಚ್ಚಾವಸ್ತು ಕೂಡ. ಅದಕ್ಕೆ ಬೇಕಾದ ಅನಿಲ ತಯಾರಿಸುವ ಎಂಡೋಥರ್ಮಿಕ್ ಜನರೇಟರ್ ಪ್ರೊಪೇನಿಗೆ 1 ಪಾಲಿಗೆ 7.2 ಪಾಲು ಗಾಳಿ ತೆಗೆದುಕೊಳ್ಳುತ್ತದೆ, ಮೀಥೇನಿಗೆ 2.4. ಪ್ರೊಪೇನಿನಿಂದ ಬರುವ ಅನಿಲದಲ್ಲಿ ಕಾರ್ಬನ್ ಮೊನಾಕ್ಸೈಡ್ 24 ಶೇಕಡಾ, ಮೀಥೇನಿನಿಂದ 20. ಪೈಪ್ ಗ್ಯಾಸಿಗೆ ಬದಲಾದ ಮೇಲೆ ಕುಲುಮೆಯ ಆಕ್ಸಿಜನ್ ಅಳೆಯುವ ಪ್ರೋಬಿನ ಕಂಟ್ರೋಲರಿನಲ್ಲಿ ಕಾರ್ಬನ್ ಮೊನಾಕ್ಸೈಡಿನ ಹಳೆಯ ಅಂಕಿಯೇ ಉಳಿದರೆ ಅದು ತೋರಿಸುವ ಕಾರ್ಬನ್ ಮಟ್ಟ ನಿಜಕ್ಕಿಂತ ಹೆಚ್ಚಿರುತ್ತದೆ, ಗೇರಿನ ಮೇಲ್ಮೈ ಮೆದುವಾಗಿ ಬರುತ್ತದೆ. ಶಿಮ್ ಪರೀಕ್ಷೆ (ತೆಳು ಉಕ್ಕಿನ ಹಾಳೆ ಕುಲುಮೆಯಲ್ಲಿಟ್ಟು ಕಾರ್ಬನ್ ಅಳೆಯುವುದು) ಮಾಡಿ ಆ ಅಂಕಿ ತಿದ್ದಿ. ಕುಲುಮೆ 760 ಡಿಗ್ರಿ ಸೆಲ್ಸಿಯಸ್ ದಾಟದೆ ಆ ಅನಿಲ ಒಳಗೆ ಬಿಡಬಾರದು, ಇದು ಗ್ಯಾಸ್ ಯಾವುದಿದ್ದರೂ ಬದಲಾಗದ ನಿಯಮ.

ಮಡಗಾಂವ್_ಕೇಟರಿಂಗ್

ನಮ್ಮ ಅಡುಗೆಮನೆ ಇನ್ನೂ ಸಿಲಿಂಡರ್ ಬ್ಯಾಂಕಿನಲ್ಲೇ ಇದೆ. ಇದೇ 60 ಕಿಲೋವಾಟ್ ಲೋಡಿಗೆ 19 ಕೆ.ಜಿ. ಸಿಲಿಂಡರ್ ಎಷ್ಟು ಬೇಕು? ನಾಲ್ಕು ಜೋಡಿಸಿದರೆ ಮಧ್ಯಾಹ್ನಕ್ಕೆ ಮಂಜು ಹಿಡಿದು ಉರಿ ಬೀಳುತ್ತದೆ, ಆಗ ಹುಡುಗರು ಬಿಸಿನೀರು ಸುರಿಯುತ್ತಾರೆ.

ಘಾಟ್ಕೋಪರ್_ಫಿಟ್ಟರ್

ಬಿಸಿನೀರು ನಿಲ್ಲಿಸಿ, ಸಿಲಿಂಡರ್ ಮಲಗಿಸುವುದನ್ನೂ ನಿಲ್ಲಿಸಿ. ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ಬರುತ್ತದೆ.

60 ಕಿಲೋವಾಟಿಗೆ ಗಂಟೆಗೆ 4.7 ಕೆ.ಜಿ. ಎಲ್‌ಪಿಜಿ ಬೇಕು. ದ್ರವ ಆವಿಯಾಗಲು ಬೇಕಾದ ಶಾಖವನ್ನು ಸಿಲಿಂಡರ್ ಗೋಡೆಯ ಮೂಲಕ ಸುತ್ತಲಿನ ಗಾಳಿಯಿಂದಲೇ ಪಡೆಯಬೇಕು. ಎಡೆಬಿಡದೆ ಎಳೆದರೆ 19 ಕೆ.ಜಿ. ಸಿಲಿಂಡರಿಗೆ ಗಂಟೆಗೆ 0.6 ಕೆ.ಜಿ. ಆಸುಪಾಸು ಹಿಡಿಯುವುದು ಸುರಕ್ಷಿತ ಲೆಕ್ಕ. ಅಂದರೆ ಎಂಟು ಒಟ್ಟಿಗೆ ಓಡಬೇಕು, ಇನ್ನೆಂಟು ಬದಲಿಗೆ ತಯಾರಿರಬೇಕು. ಖಾಲಿಯಾಗುತ್ತಾ ಬಂದಂತೆ ದ್ರವ ತಾಗುವ ಗೋಡೆ ಕಡಿಮೆ, ಪ್ರೊಪೇನ್ ಮೊದಲೇ ಹೋಗಿ ಬ್ಯೂಟೇನ್ ಉಳಿದಿರುತ್ತದೆ, ಹಾಗಾಗಿ ಕೊನೆಯ ಕಾಲು ಭಾಗ ಯಾವಾಗಲೂ ಬಡವಾಗಿರುತ್ತದೆ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳಲ್ಲಿ ಪರವಾನಗಿ ಇಲ್ಲದೆ ಇಡಬಹುದಾದ್ದು 100 ಕೆ.ಜಿ., ಅಂದರೆ ಐದು ಸಿಲಿಂಡರ್. ಅದಕ್ಕೂ ಮೇಲೆ ಹೋಗುವ ಮುಂಚೆ ನಿಮ್ಮ ಗ್ಯಾಸ್ ಕಂಪನಿಯ ಎಂಜಿನಿಯರನ್ನು ಕರೆಸಿ ಐಎಸ್ 6044 (ಎಲ್‌ಪಿಜಿ ಸಂಗ್ರಹದ ಭಾರತೀಯ ಮಾನದಂಡ) ಪ್ರಕಾರ ಜಾಗ ಗುರುತಿಸಿ. ಅಷ್ಟು ಲೋಡಿಗೆ ದ್ರವ ಎಳೆಯುವ ಸಿಲಿಂಡರ್ ಮತ್ತು ವೇಪರೈಸರ್ (ದ್ರವವನ್ನು ಕಾಯಿಸಿ ಆವಿ ಮಾಡುವ ಸಾಧನ) ಹೆಚ್ಚು ಒಗ್ಗುತ್ತದೆ. ಗೋವಾದ ಕಡಲ ಗಾಳಿಯಲ್ಲಿ ರೆಗ್ಯುಲೇಟರಿನ ವೆಂಟ್ ರಂಧ್ರಕ್ಕೆ ಉಪ್ಪು, ಜಿರಳೆ ತತ್ತಿ ಕಟ್ಟಿಕೊಳ್ಳುತ್ತದೆ. ವೆಂಟ್ ಮುಚ್ಚಿದರೆ ಒಳಗಿನ ಡಯಾಫ್ರಾಮ್ (ಪ್ರೆಶರ್ ಹಿಡಿದಿಡುವ ರಬ್ಬರ್ ಪೊರೆ) ಅಲ್ಲಾಡುವುದಿಲ್ಲ, ಪ್ರೆಶರ್ ಏರುಪೇರಾಗುತ್ತದೆ. ಬಾಯಿ ಕೆಳಗೆ ಮಾಡಿ ಜಾಳಿ ಹಾಕಿ.

ಮಾಟುಂಗಾ_ಕಾವಲಿ

ಅಳೆದೆವು. ಮುಚ್ಚಿದಾಗ 225 ಮಿ.ಮೀ., ಎಲ್ಲ ಉರಿಯುವಾಗ ಕಾವಲಿ ಬಳಿ 138. ಕಂಪನಿಯವರು ಮೀಟರ್ ಬಳಿ ಅಳೆದಾಗ 210. ಮೀಟರ್ ಜಿ6. ಒಂದು ಇಂಚು ಪೈಪಿಗೆ ಹೇಳಿದ್ದೇವೆ, ಎರಡು ಭಟ್ಟಿಗೂ ಹೊಸ ಬರ್ನರ್. ಕೊನೆಯದಾಗಿ, ಬಿಲ್ ಹೋಲಿಸುವುದು ಹೇಗೆ?

ಘಾಟ್ಕೋಪರ್_ಫಿಟ್ಟರ್

138 ಅಂದರೆ 13.5 ಮಿಲಿಬಾರ್, ದೊಡ್ಡ ಜೆಟ್ ಇರುವುದರಿಂದ ನನ್ನ ಲೆಕ್ಕದ 15ಕ್ಕಿಂತ ಕೆಳಗೆ ಹೋಗಿದೆ. ಪೈಪೇ ಕಾರಣ. ಹೊಸ ಪೈಪ್ ಬಂದ ದಿನ 1.8ರ ಜೆಟ್ ಹಾಕಿ ಮತ್ತೆ ಅಳೆಯಿರಿ, ಎಲ್ಲ ಉರಿಯುವಾಗ 200ಕ್ಕಿಂತ ಕೆಳಗಿಳಿಯಬಾರದು. ಗ್ಯಾಸ್ ಬಿಡುವ ಮೊದಲು ಗಾಳಿ ತುಂಬಿ ಟೆಸ್ಟ್, ಪ್ರತಿ ಚೂಡಿಗೆ ಸೋಪ್ ನೀರು, ಆಮೇಲೆ ಪೈಪಿನೊಳಗಿನ ಗಾಳಿಯನ್ನು ನಳಿಕೆಯಿಂದ ಬಯಲಿಗೆ ಬಿಡಬೇಕು, ಒಲೆ ಮೂಲಕ ಅಲ್ಲ.

ಬಿಲ್ಲಿಗೆ: 1 ಕೆ.ಜಿ. ಎಲ್‌ಪಿಜಿ ಸುಮಾರು 1.3 ಘನ ಮೀಟರ್ ಪಿಎನ್‌ಜಿಗೆ ಸಮ, 19 ಕೆ.ಜಿ. ಸಿಲಿಂಡರ್ ಅಂದರೆ 25 ಘನ ಮೀಟರ್. ಬಿಲ್ಲಿನ ಘನ ಮೀಟರ್ 15 ಡಿಗ್ರಿಯ ಲೆಕ್ಕದ್ದು. 21 ಮಿಲಿಬಾರಿನಲ್ಲಿ, 30 ಡಿಗ್ರಿ ಸೆಕೆಯಲ್ಲಿ ಮೀಟರ್ ತೋರಿಸಿದ 100ಕ್ಕೆ ನಿಜವಾದ ಸ್ಟ್ಯಾಂಡರ್ಡ್ ಗಾತ್ರ 97. 100 ಮಿಲಿಬಾರಿನಲ್ಲಿ ಅಳೆದರೆ 104. ಹಾಗಾಗಿ ಚೆಂಬೂರಿನವರು 100 ಮಿಲಿಬಾರ್ ತೆಗೆದುಕೊಂಡರೆ ಬಿಲ್ಲಿನಲ್ಲಿ ಗುಣಾಂಕ ಕಾಣಿಸುತ್ತದೆ, ಅದು ತಪ್ಪಲ್ಲ. ಹೋಲಿಸುವಾಗ ಹಳೆಯ ಹೈ ಪ್ರೆಶರ್ ಭಟ್ಟಿ ಇದ್ದ ತಿಂಗಳನ್ನು ಬಿಟ್ಟು, ಹೊಸ ಬರ್ನರ್ ಹೊಂದಿಸಿದ ಮೇಲಿನ ಪೂರ್ತಿ ಒಂದು ತಿಂಗಳ ಬಿಲ್ ಇಟ್ಟುಕೊಳ್ಳಿ.